ದೋಣಿಯಲ್ಲಿ ಕೂತವನು

ಹೇಳಬೇಕಾಗಿದ್ದ ಮಾತನ್ನು ನಾನು ಹೇಳಲಿಲ್ಲ. ನಮ್ಮ ದಡದ ಕ್ಲಬ್ಬಿನ ಸಭೆಯಲ್ಲಿ ಊರವರೆಲ್ಲ ಅಣ್ಣನನ್ನು ನಡುವೆ ಕೂರಿಸಿಕೊಂಡು ಕೇಳುತ್ತಿದ್ದಾಗ ಎದ್ದು ನಿಂತು ಹೇಳಬೇಕಾಗಿತ್ತು. ಆಮೇಲೆ ಹಾಲೆಂಡಿಗೆ ಬಂದು, ಎರಡು ಮಂಚಗಳ ನಡುವೆ ಒಬ್ಬ ನಿಲ್ಲುವಷ್ಟೇ ಜಾಗವಿದ್ದ ಕೋಣೆಯಲ್ಲಿ ಅವನ ಜೊತೆ ವರ್ಷಗಟ್ಟಲೆ ಮಲಗಿದೆ. ಆಗಲೂ ಹೇಳಲಿಲ್ಲ.

ಈ ಚಳಿಗಾಲದಲ್ಲಿ ಅಣ್ಣ ತೀರಿಕೊಂಡ. ಇಲ್ಲಿನ ಕನ್ನಡ ಸಂಘದವರು ಸಂಚಿಕೆಗೆ ಅವನ ಬಗ್ಗೆ ಬರೆದುಕೊಡಿ ಎಂದರು. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು, ನನ್ನಿಂದ ಆಗದು ಎಂದೆ. ನಿಮ್ಮ ಅಣ್ಣನ ಬಂಗುಡೆ ಪುಳಿಮುಂಚಿಯ ಬಗ್ಗೆ ಬರೆಯಿರಿ, ಅಷ್ಟೇ ಸಾಕು ಎಂದರು. ಬರೆಯಲು ಕೂತೆ. ಮೀನಿನ ಸಾರಿನ ಬಗ್ಗೆ ನಾಲ್ಕು ಸಾಲು ಬರೆಯುವಷ್ಟರಲ್ಲಿ ಆ ದೋಣಿ ಅಡ್ಡ ಬಂತು. ಅದನ್ನು ದಾಟದೆ ಅಣ್ಣನ ಬಗ್ಗೆ ಏನು ಬರೆದರೂ ಸುಳ್ಳಾಗುತ್ತದೆ.

ಅಣ್ಣ ಅಷ್ಟೇನೂ ಎತ್ತರವಿರಲಿಲ್ಲ. ಊರಲ್ಲಿ ಫುಟ್‌ಬಾಲ್ ಆಡುವಾಗ ಗೋಲು ಕಾಯುವ ಗೋಲಿಯಾಗಿದ್ದ ಎಂದರೆ ಇಲ್ಲಿ ಯಾರೂ ನಂಬುತ್ತಿರಲಿಲ್ಲ. ಕೈ ನೋಡಿದ ಮೇಲೆ ನಂಬುತ್ತಿದ್ದರು. ದೋಣಿಯ ಹುಟ್ಟಿನ ಅಲಗಿನಂಥ ಅಂಗೈ. ನಾವಿಬ್ಬರೂ ಅಡುಗೆಗಿದ್ದ ಯುಟ್ರೆಕ್ಟಿನ ಹೋಟೆಲಿನಲ್ಲಿ ಅಡುಗೆಮನೆಯ ಒಳಗೆ ಕಾಲಿಡುವ ಮುಂಚೆ ಬಾಗಿಲಿನ ಎಡ ದಾರಂದವನ್ನು ಒಮ್ಮೆ, ಬಲ ದಾರಂದವನ್ನು ಒಮ್ಮೆ ತಟ್ಟುತ್ತಿದ್ದ. ಗೋಲು ಕಾಯುವವರಿಗೆ ಅದೊಂದು ಚಾಳಿ, ಕಂಬಗಳು ಎಲ್ಲಿವೆ ಎಂದು ಬೆನ್ನಿಗೆ ಗೊತ್ತಿರಬೇಕು. ಯಾರ ಕೈಯಿಂದ ತಟ್ಟೆ ಜಾರಿದರೂ ನೆಲ ಮುಟ್ಟುವ ಮೊದಲು ಅದು ಅವನ ಕೈಯಲ್ಲಿರುತ್ತಿತ್ತು. ಒಮ್ಮೆ ಕಾದ ಬಾಣಲೆಯನ್ನೂ ಹಾಗೆಯೇ ಹಿಡಿದ. ಅಂಗೈಯಲ್ಲಿ ಗುಳ್ಳೆ ಎದ್ದದ್ದು ನೋಡಿ ನಾನು ಬೈದೆ.

"ಬೀಳುದನ್ನು ಬಿಡ್ಲಿಕ್ಕೆ ಈ ಕೈಗೆ ಗೊತ್ತಿಲ್ಲ ಮಾರಾಯ," ಎಂದ. ನಾವು ಮನೆಯಲ್ಲಿ ತುಳು ಆಡುವವರು. ಇಲ್ಲಿ ಅವನ ಮಾತನ್ನೆಲ್ಲ ನಮ್ಮ ಮಂಗಳೂರು ಕಡೆಯ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

ನಮ್ಮ ಹೋಟೆಲಿನ ಹಿಂಬಾಗಿಲಿಗೆ ಒಂದು ಐರಿಷ್ ಪಬ್ಬಿನ ಹಿಂಬಾಗಿಲು ಎದುರಾಗಿತ್ತು. ಭಾನುವಾರ ಮಧ್ಯಾಹ್ನ ಹೋಟೆಲು ತೆರೆಯುವ ಮುಂಚೆ ಅಣ್ಣ ನಮಗಾಗಿ ಮೀನು ಬೇಯಿಸುತ್ತಿದ್ದ. ಸಂತೆಯಲ್ಲಿ ಡಚ್ಚರು ಮಕ್ರೇಲ್ ಎಂದು ಮಾರುವುದು ನಮ್ಮ ಬಂಗುಡೆಯ ದೊಡ್ಡಣ್ಣ. ಅದರ ಪುಳಿಮುಂಚಿಯ ವಾಸನೆ ಹಿಡಿದು ಒಂದು ದಿನ ಇಬ್ಬರು ಐರಿಷರು ಒಳಗೆ ಬಂದರು, ಆಮೇಲೆ ಪ್ರತಿ ಭಾನುವಾರ ಬಂದರು. ಒಬ್ಬ ಐರ್ಲೆಂಡಿನ ಉತ್ತರದವನು, ಕರೆಂಟಿನ ಕೆಲಸದವನು. ಇನ್ನೊಬ್ಬ ದಕ್ಷಿಣದವನು, ಪಕ್ಕದ ಊರು ನ್ಯೂವೆಗೈನಿನ ಗೋದಾಮಿನಲ್ಲಿ ಮೇಸ್ತ್ರಿ. ಅವರ ಹೆಸರು ಅಣ್ಣನ ಬಾಯಿಗೆ ಹೊರಳಲಿಲ್ಲ. ಯಕ್ಷಗಾನದ ತಿಟ್ಟುಗಳ ಹಾಗೆ ಒಬ್ಬನಿಗೆ ಬಡಗು, ಇನ್ನೊಬ್ಬನಿಗೆ ತೆಂಕು ಎಂದು ಹೆಸರಿಟ್ಟ. ಅವರು ಆ ಹೆಸರಿಗೇ ಓಗೊಡುವುದನ್ನು ಕಲಿತರು.

ಅವರಿಬ್ಬರದು ಒಂದೇ ಜಗಳ. ಐರ್ಲೆಂಡ್ ದ್ವೀಪ ಒಂದು, ಆದರೆ ದೇಶ ಎರಡು, ಫುಟ್‌ಬಾಲ್ ಲೀಗ್ ಕೂಡ ಎರಡು. ಗಡಿ ದಾಟಿ ಎಲ್ಲರೂ ಒಂದೇ ಲೀಗಿನಲ್ಲಿ ಆಡಲು ಸಾಧ್ಯವೇ? ಆದೀತು ಎನ್ನುವವನು ತೆಂಕು. ಬೆಳಿಗ್ಗೆ ಬಸ್ಸು ಹತ್ತಿದರೆ ಆಟದ ಹೊತ್ತಿಗೆ ದ್ವೀಪದ ಎಲ್ಲಿಗೆ ಬೇಕಾದರೂ ಮುಟ್ಟಬಹುದು, ಗಡಿ ಬಂತೆಂದು ಗೊತ್ತಾಗುವುದೇ ಮೊಬೈಲಿಗೆ ಬರುವ ಸಂದೇಶದಿಂದ, ರಗ್ಬಿಯಲ್ಲಿ ಇಡೀ ದ್ವೀಪಕ್ಕೆ ಒಂದೇ ತಂಡ ಇಲ್ಲವೇ ಎನ್ನುತ್ತಿದ್ದ. ಬಡಗು ಮೀನಿನ ಮುಳ್ಳು ಬಿಡಿಸುತ್ತಾ ಒಂದೊಂದಾಗಿ ಕೆಡವುತ್ತಿದ್ದ. ಯುರೋಪಿನ ಕಪ್ ಪಂದ್ಯಾವಳಿಗಳಿಗೆ ಈಗ ಎರಡು ಲೀಗುಗಳಿಂದಲೂ ತಂಡಗಳು ಹೋಗುತ್ತವೆ, ಒಂದಾದರೆ ಆ ಜಾಗಗಳಲ್ಲಿ ಎಷ್ಟು ಉಳಿದೀತು? ಎರಡು ಸಂಸ್ಥೆಗಳಲ್ಲಿ ಕುರ್ಚಿ ಬಿಟ್ಟುಕೊಡುವವರು ಯಾರು? ಇಂದು ಲೀಗ್ ಒಂದು, ನಾಳೆ ಬಾವುಟ ಒಂದು ಎಂದು ತನ್ನ ಬೀದಿಯ ಮುದುಕರು ಗೊಣಗಿದರೆ ಅವರಿಗೆ ಏನು ಹೇಳುವುದು? ಅದೂ ಅಲ್ಲದೆ ಉತ್ತರದವರು ಆಡುವುದು ಚಳಿಗಾಲದಲ್ಲಿ, ದಕ್ಷಿಣದವರು ಬೇಸಿಗೆಯಲ್ಲಿ.

ಅದು ಅಣ್ಣನಿಗೆ ಕೂಡಲೇ ಅರ್ಥವಾಯಿತು. "ಪತ್ತನಾಜೆಗೆ ಇವನು ಗೆಜ್ಜೆ ಬಿಚ್ಚುವಾಗ ಅವನು ಕಟ್ಟುದು," ಎಂದು ನನಗೆ ಹೇಳಿ ನಕ್ಕ. ಮಳೆಗಾಲಕ್ಕೆ ಮುಂಚೆ ನಮ್ಮ ಮೇಳಗಳು ತಿರುಗಾಟ ನಿಲ್ಲಿಸಿ ಗೆಜ್ಜೆ ಬಿಚ್ಚುವ ದಿನ ಪತ್ತನಾಜೆ. ಆಮೇಲೆ ತನ್ನ ಹರಕು ಇಂಗ್ಲಿಷಿನಲ್ಲಿ ಅವರಿಗೆ ಜೋಡಾಟ, ಕೂಡಾಟ ವಿವರಿಸಿದ. ಅಕ್ಕಪಕ್ಕ ಎರಡು ರಂಗಸ್ಥಳ ಕಟ್ಟಿ ಎರಡು ಮೇಳ ಪೈಪೋಟಿಯಲ್ಲಿ ಕುಣಿದರೆ ಜೋಡಾಟ, ಇಬ್ಬರೂ ಒಂದೇ ರಂಗಸ್ಥಳ ಹತ್ತಿದರೆ ಕೂಡಾಟ. ನೀವು ಮೊದಲು ಜೋಡಾಟ ಮಾಡಿ ಎಂದ. ಎರಡೂ ಕಡೆಯ ತಂಡಗಳಿಗೆ ಅಂಥ ಕಪ್ ಪಂದ್ಯಾವಳಿ ಒಂದು ಇತ್ತು, ನಡೆದು ನಿಂತೂ ಹೋಯಿತು ಎಂದ ಬಡಗು. ಪಬ್ಬಿನ ಡಚ್ಚರಿಗೂ ಈ ಜಗಳ ತಮಾಷೆ. ನಮ್ಮಲ್ಲೂ ಬೆಲ್ಜಿಯಂ ಜೊತೆ ಒಂದೇ ಲೀಗ್ ಮಾಡುವ ಮಾತು ಆಗಾಗ ಏಳುತ್ತದೆ, ಮಲಗುತ್ತದೆ, ಹೆಂಗಸರದ್ದು ಕೆಲವು ವರ್ಷ ನಡೆದೂ ಇತ್ತು ಎನ್ನುತ್ತಿದ್ದರು.

ಎಲ್ಲರ ಮಾತು ಮುಗಿದ ಮೇಲೆ ಅಣ್ಣ ಸೌಟು ಕೆಳಗಿಟ್ಟು ತನ್ನ ಪ್ರಶ್ನೆ ಕೇಳುತ್ತಿದ್ದ. ಪ್ರತಿ ಸಲವೂ ಅದೇ.

"ಅದೆಲ್ಲ ಸರಿ. ಆಟ ಮುಗಿದ ಮೇಲೆ ದೋಣಿಯಲ್ಲಿ ಕೂರುದು ಯಾರು?"

ಅವರು ನಗುತ್ತಿದ್ದರು. ನಮ್ಮಲ್ಲಿ ಬಸ್ಸು ಉಂಟು, ಪೊಲೀಸರು ಇದ್ದಾರೆ, ಅತ್ತಿತ್ತ ಓಡಾಡುವ ಜನ ಬೇಕಾದಷ್ಟು, ನಿನ್ನ ದೋಣಿ ನಮಗೆ ತೊಂದರೆಯೇ ಅಲ್ಲ ಗೋಲಿ ಎನ್ನುತ್ತಿದ್ದ ಬಡಗು. ಅವನು ಹೇಳಿದ್ದು ಸರಿಯೇ ಇರಬೇಕು. ಅಣ್ಣನ ಪ್ರಶ್ನೆಗೂ ಐರ್ಲೆಂಡಿಗೂ ಸಂಬಂಧವಿರಲಿಲ್ಲ. ಅವನು ಕೇಳುತ್ತಿದ್ದದ್ದು ನಮ್ಮ ಅಳಿವೆಯ ಮಾತು. ಆ ಮಾತು ಬಂದಾಗಲೆಲ್ಲ ನಾನು ಸಿಂಕಿನ ಕಡೆ ತಿರುಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ.

ಮಂಗಳೂರಿನ ಬಂದರಿನಾಚೆ ನದಿ ಕಡಲು ಸೇರುವಲ್ಲಿ ಮರಳಿನ ದಿಬ್ಬದ ಮೇಲೆ ನಮ್ಮ ಊರು. ನೀರಿನ ಆಚೆ ದಡದಲ್ಲಿ ಅವರ ಊರು. ಇಬ್ಬರೂ ಮೀನಿನವರು, ಇಬ್ಬರೂ ಫುಟ್‌ಬಾಲಿನವರು, ಆದರೆ ಹಿಂದೆ ಏನೋ ಹೊಡೆದಾಟವಾಗಿ ಒಬ್ಬರ ದಡದಲ್ಲಿ ಇನ್ನೊಬ್ಬರು ಆಡುತ್ತಿರಲಿಲ್ಲ. ನಮ್ಮ ಕಾಲದ ಹಿರಿಯರು ಸೇರಿ ಎರಡು ದಡಕ್ಕೂ ಒಂದೇ ಲೀಗ್ ಮಾಡಿದರು. ಅದಕ್ಕೊಂದು ಕಟ್ಟು ಹಾಕಿದರು. ಆಟ ಮುಗಿಸಿ ಹೊರಟವರ ದೋಣಿಯಲ್ಲಿ ಆಡಿಸಿದ ಊರಿನ ಒಬ್ಬ ಒಳ್ಳೆಯ ಆಟಗಾರ ಹತ್ತಿ ಕೂರಬೇಕು. ಮುಖ ತನ್ನ ದಡದ ಕಡೆಗಿರಬೇಕು, ತನ್ನವರಿಗೆ ಕಾಣಬೇಕು. ಆಚೆ ದಡ ಮುಟ್ಟಿದ ಮೇಲೆ ಅವರು ಅವನಿಗೆ ಚಾ ಕುಡಿಸಿ ತಿರುಗಿ ಬಿಡುತ್ತಾರೆ. ದಾರಿಯಲ್ಲಿ ದೋಣಿಗೆ ಏನಾದರೂ ಬಿದ್ದರೆ ಕೂತವನೇ ಉತ್ತರ ಹೇಳಬೇಕು. ಯಾರು ಎಸೆದದ್ದು ಎಂದು ಹೆಸರು ಕೊಟ್ಟರೆ ಎಸೆದವನು ಆಚೆ ದಡಕ್ಕೆ ಹೋಗಿ ತಪ್ಪು ಒಪ್ಪಬೇಕು, ಲೀಗ್ ನಡೆಯುತ್ತದೆ. ಹೆಸರು ಕೊಡದಿದ್ದರೆ ಕೂತವನು ಆಟ ಬಿಡಬೇಕು, ಲೀಗೂ ನಿಲ್ಲುತ್ತದೆ.

ನಮ್ಮ ಕಡೆಯಿಂದ ಯಾವಾಗಲೂ ಕೂರುತ್ತಿದ್ದವನು ಅಣ್ಣ. ಅವನ ಮುಖ ಕಂಡರೆ ಯಾರೂ ಕೈ ಎತ್ತುವುದಿಲ್ಲ ಎಂದು ನಂಬಿಕೆ.

ಆ ವರ್ಷದ ಕೊನೆಯ ಆಟದಲ್ಲಿ ನಾವು ನಮ್ಮ ದಡದಲ್ಲೇ ಸೋತೆವು. ಅವರ ಫಾರ್ವರ್ಡ್ ಒಬ್ಬ ಹೊಡೆದ ಚೆಂಡು ಅಣ್ಣನ ಬೆರಳು ಸವರಿಕೊಂಡು ಒಳಗೆ ಹೋಯಿತು. ನಾನು ಮೀಸೆ ಚಿಗುರುವ ವಯಸ್ಸಿನವನು, ಹೊರಗೆ ಕೂತು ಅಳುವಷ್ಟು ಸಿಟ್ಟಿನಲ್ಲಿದ್ದೆ. ಸೂರ್ಯ ಮುಳುಗುವ ಮೊದಲು ಅವರ ದೋಣಿ ಹೊರಟಿತು. ತಮಟೆ ಬಾರಿಸುತ್ತಿದ್ದರು. ಆ ಫಾರ್ವರ್ಡ್ ಅಣ್ಣನ ಹೆಗಲ ಮೇಲೆ ಕೈ ಹಾಕಿ ಬಾಯಿಗೆ ಲಡ್ಡು ಇಟ್ಟ. ಅಣ್ಣ ನಕ್ಕ. ಸೋತು ನಗುವುದೇ? ಮರಳಿನ ಊರಿನಲ್ಲಿ ಎಸೆಯಲು ಕಲ್ಲು ಸಿಗುವುದಿಲ್ಲ. ನನ್ನ ಜೇಬಿನಲ್ಲಿ ಬಲೆಗೆ ಕಟ್ಟುವ ಸೀಸದ ಗುಂಡು ಇತ್ತು. ಎಸೆದೆ.

ಅದು ಬಡಿದದ್ದು ಆ ಫಾರ್ವರ್ಡನ ಕಣ್ಣಿಗೆ. ತಮಟೆ ನಿಂತಿತು. ದಡದಲ್ಲಿ ಗುಂಪು ಇತ್ತು, ನಾನು ಹಿಂದೆ ಇದ್ದೆ, ಯಾರೂ ನನ್ನನ್ನು ನೋಡಲಿಲ್ಲ. ಆದರೆ ನಮ್ಮ ಅಪ್ಪ ಸೀಸ ಕರಗಿಸಿ ಹಸಿ ಮರಳಿನಲ್ಲಿ ಹೆಬ್ಬೆರಳು ಒತ್ತಿ ಗುಳಿ ಮಾಡಿ ಎರೆಯುತ್ತಿದ್ದರು. ನಮ್ಮ ಮನೆಯ ಸೀಸದ ಗುಂಡಿಗೆ ಮಾತ್ರ ಹೆಬ್ಬೆರಳಿನ ಆಕಾರ. ಅಣ್ಣ ದೋಣಿಯ ತಳಕ್ಕೆ ಬಾಗಿ ಏನೋ ಹೆಕ್ಕಿದ್ದು, ಅಂಗೈಯಲ್ಲಿಟ್ಟು ನೋಡಿದ್ದು, ಕೈ ಬದಿಗೆ ಚಾಚಿ ಅದನ್ನು ನೀರಿಗೆ ಬಿಟ್ಟದ್ದು ಇಷ್ಟನ್ನೂ ನಾನು ದಡದಿಂದ ನೋಡಿದೆ. ಬೀಳುವುದನ್ನು ಬಿಡಲು ಗೊತ್ತಿಲ್ಲದ ಕೈ ಅದು. ಅಂದು ತಾನಾಗಿ ಬಿಟ್ಟಿತು. ಆಮೇಲೆ ಅವನು ತಲೆ ಎತ್ತಿ, ಕಟ್ಟಿನ ಪ್ರಕಾರ, ಮುಖ ನಮ್ಮ ಕಡೆಗೇ ಇಟ್ಟುಕೊಂಡು ಆಚೆ ದಡಕ್ಕೆ ಹೋದ.

ಮರುದಿನ ಸಂಜೆ ಸಭೆ. ಅಣ್ಣ ಕೇಳಿದವರಿಗೆಲ್ಲ ಒಂದೇ ಉತ್ತರ ಕೊಟ್ಟ, ನಾನು ನೋಡಲಿಲ್ಲ ಎಂದು. ಆಚೆ ದಡದ ಹಿರಿಯರು ಹೆಸರಿಗಾಗಿ ಕಾದು ಕೂತರು. ನಮ್ಮವರಿಗೆ ಸಿಟ್ಟು ಏರಿತು, ಒಂದು ಹೆಸರಿನಿಂದ ಉಳಿಯುವ ಲೀಗನ್ನು ಇವನು ಮುಳುಗಿಸುತ್ತಿದ್ದಾನಲ್ಲ ಎಂದು. ಕ್ಲಬ್ಬಿನ ಅಧ್ಯಕ್ಷರು ನನ್ನ ಕಡೆ ತಿರುಗಿ, ನೀನಾದರೂ ನಿನ್ನ ಅಣ್ಣನಿಗೆ ಹೇಳು ಎಂದರು. ಎಲ್ಲರೂ ನನ್ನನ್ನು ನೋಡಿದರು. ಸುಮ್ಮನಿದ್ದರೆ ಅನುಮಾನ ಬಂದೀತು ಎಂದು ಹೆದರಿ ನಾನು ಹೇಳಿದೆ:

"ಗೊತ್ತಿದ್ರೆ ಹೇಳಣ್ಣ. ಒಬ್ಬನಿಂದಾಗಿ ಇಡೀ ಊರಿನ ಆಟ ಯಾಕೆ ಹಾಳಾಗ್ಬೇಕು?"

ಅಣ್ಣ ನನ್ನ ಕಡೆ ತಿರುಗಿದ. "ನೋಡಿದ್ರೆ ಹೇಳ್ತಿದ್ದೆ," ಎಂದ. ಗ್ಲೌಸನ್ನು ಅಧ್ಯಕ್ಷರ ಮುಂದಿಟ್ಟು ಎದ್ದುಹೋದ. ಮತ್ತೆ ಅವನು ಆಡಲಿಲ್ಲ. ಆ ಎರಡು ದಡಗಳೂ ಇವತ್ತಿನವರೆಗೆ ಒಂದೇ ಲೀಗಿನಲ್ಲಿ ಆಡಿಲ್ಲ. ಕಣ್ಣಿಗೆ ಪೆಟ್ಟು ಬಿದ್ದವನಿಗೆ ಆ ಕಣ್ಣು ಇವತ್ತಿಗೂ ಮಸುಕು ಎಂದು ಕೇಳಿದ್ದೇನೆ.

ಎಸೆದದ್ದು ಹುಡುಗಾಟಿಕೆ ಎಂದು ಬೇಕಾದರೆ ಹೇಳಿಕೊಂಡೇನು. ಸಭೆಯಲ್ಲಿ ಆಡಿದ ಆ ಮಾತಿಗೆ ನನ್ನ ಹತ್ತಿರ ಯಾವ ಹೆಸರೂ ಇಲ್ಲ.

ಊರಲ್ಲಿ ಅವನ ಜೊತೆ ಯಾರೂ ಸರಿಯಾಗಿ ಮಾತಾಡದಿದ್ದಾಗ ಅಣ್ಣ ಅಡುಗೆ ಕಲಿತು ಮುಂಬಯಿಗೆ ಹೋದ, ಅಲ್ಲಿಂದ ಇಲ್ಲಿಗೆ ಬಂದ. ಕೆಲವು ವರ್ಷಗಳ ನಂತರ ಹೋಟೆಲಿನ ಧಣಿಗೆ ಇನ್ನೊಬ್ಬ ಅಡುಗೆಯವನು ಬೇಕಾದಾಗ ನನ್ನ ಹೆಸರು ಕೊಟ್ಟ. ಬರುವುದಿಲ್ಲ ಎನ್ನಬೇಕೆಂದುಕೊಂಡೆ. ಆದರೆ ಯಾಕೆ ಎಂದು ಕೇಳಿದರೆ ಏನು ಹೇಳುವುದು? ಕಾರಣ ಹೇಳಲಾರದೆ ಬಂದೆ. ಬಂದ ಮೇಲೆ ಕೆಲಸ ಬಿಟ್ಟರೆ ವೀಸಾ ಇಲ್ಲ, ವೀಸಾ ಇಲ್ಲದಿದ್ದರೆ ಹೋಟೆಲಿನ ಮೇಲಿನ ಕೋಣೆಯೂ ಇಲ್ಲ. ಮಾಡು ಇಳಿಜಾರು, ಎದ್ದು ಕೂತರೆ ತಲೆಗೆ ಬಡಿಯುತ್ತಿತ್ತು. ವೀಸಾದ ಕಟ್ಟು ಸಡಿಲವಾದ ಮೇಲೂ ಮನೆ ಸಿಗಬೇಕಲ್ಲ. ಈ ದೇಶದಲ್ಲಿ ಬಾಡಿಗೆ ಮನೆಯ ಸರದಿಗೆ ಕಾದು ಕೂದಲು ಬೆಳ್ಳಗಾಗುತ್ತದೆ. ಕೊನೆಗೆ ನ್ಯೂವೆಗೈನಿನಲ್ಲಿ ಸಿಕ್ಕ ಮನೆಯೂ ಇಬ್ಬರ ಹೆಸರಿನಲ್ಲೇ ಸಿಕ್ಕಿತು. ಅವನಿಗೆ ಗೊತ್ತಿದೆ ಎಂದು ನನಗೆ ಗೊತ್ತಿತ್ತು. ಒಂದೇ ಗೋಡೆಯ ಎರಡು ಬದಿಯಲ್ಲಿ ನಾವಿಬ್ಬರೂ ಆ ಗುಟ್ಟನ್ನು ಇಟ್ಟುಕೊಂಡು ಮಲಗುತ್ತಿದ್ದೆವು.

ಅವನು ಒಂದು ದಿನವೂ ಚುಚ್ಚಲಿಲ್ಲ. ಚುಚ್ಚಿದ್ದರೆ ಉಸಿರಾಡಲು ಒಂದು ಕಿಂಡಿಯಾದರೂ ಆಗುತ್ತಿತ್ತು. ನನಗೆ ಜ್ವರ ಬಂದರೆ ಗಂಜಿ ಕಾಸುತ್ತಿದ್ದ, ಸೈಕಲ್ಲಿನ ಚಕ್ರ ಪಂಚರಾದರೆ ತಾನೇ ಕೂತು ಹಾಕುತ್ತಿದ್ದ. ಮದುವೆಯ ಮಾತು ಬಂದರೆ, "ನಿಂಗೆ ಮೊದಲು ಅನ್ನ ಸರಿ ಬೇಯಿಸ್ಲಿಕ್ಕೆ ಬರ್ಲಿ, ಮತ್ತೆ ನೋಡುವ," ಎಂದು ಇಬ್ಬರದನ್ನೂ ಒಟ್ಟಿಗೆ ತಳ್ಳಿಹಾಕುತ್ತಿದ್ದ.

ಚಳಿಗಾಲದಲ್ಲಿ ಕಾಲುವೆ ಹೆಪ್ಪುಗಟ್ಟಿದಾಗ ಇಲ್ಲಿನ ಮಕ್ಕಳು ಮಂಜುಗಡ್ಡೆಯ ಮೇಲೆ ಕಲ್ಲು ಎಸೆಯುತ್ತಾರೆ. ಕಲ್ಲು ಜಾರಿಕೊಂಡು ಹೋಗುವಾಗ ಹಕ್ಕಿ ಕೂಗಿದ ಹಾಗೆ ಸದ್ದು ಬರುತ್ತದೆ. ಎಲ್ಲರೂ ನಿಂತು ಕೇಳುವ ಸದ್ದು ಅದು. ಅಣ್ಣ ಮಾತ್ರ ಕಲ್ಲು ಹಿಡಿದ ಕೈಯನ್ನೇ ನೋಡುತ್ತಿದ್ದ. ಆಚೆ ಬದಿಯಲ್ಲಿ ಯಾರಾದರೂ ನಡೆದು ಬರುತ್ತಿದ್ದಾರೋ ಎಂದು ಒಮ್ಮೆ ಕಣ್ಣು ಹಾಯಿಸಿ, ಆಮೇಲೆ ನಡೆಯುತ್ತಿದ್ದ. ನಾನು ಅವನ ಪಕ್ಕದಲ್ಲಿ ಜೇಬಿನೊಳಗೆ ಕೈ ಇಟ್ಟುಕೊಂಡು ನಡೆಯುತ್ತಿದ್ದೆ.

ಒಂದು ಭಾನುವಾರ ಬಡಗು ಒಂದು ಕತೆ ಹೇಳಿದ. ಉತ್ತರದ ಗಡಿಯ ಹತ್ತಿರ ಒಂದು ಪಟ್ಟಣ. ಗಲಾಟೆಯ ಕಾಲದಲ್ಲಿ ಉಳಿದ ತಂಡಗಳು ಅಲ್ಲಿಗೆ ಆಡಲು ಬರಲು ಹೆದರಿದವು. ಆ ಕ್ಲಬ್ಬು ಲೀಗ್ ಬಿಟ್ಟು ವರ್ಷಗಟ್ಟಲೆ ಸುಮ್ಮನೆ ಕೂತಿತು, ಆಮೇಲೆ ಗಡಿ ದಾಟಿ ದಕ್ಷಿಣದ ಲೀಗಿಗೆ ಸೇರಿತು, ಇವತ್ತಿಗೂ ಅಲ್ಲೇ ಆಡುತ್ತದೆ. ನೋಡು, ಆಗುತ್ತದೆ ಎಂದ ತೆಂಕು. ಒಂದು ಕ್ಲಬ್ಬು ದಾಟಿದರೆ ಇಡೀ ಲೀಗ್ ದಾಟಿದಂತೆ ಅಲ್ಲ ಎಂದ ಬಡಗು. ಅಣ್ಣನಿಗೆ ಅದು ಯಾವುದೂ ಕೇಳಿಸಿದಂತಿರಲಿಲ್ಲ.

"ಕೂತಿದ್ದ ಅಷ್ಟು ವರ್ಷ ಅವರ ಗೋಲಿ ಎಂತ ಮಾಡಿದ?" ಎಂದು ಕೇಳಿದ.

ಬಡಗು ತಟ್ಟೆಯ ಮೀನಿನ ಮುಳ್ಳು ಬಿಡಿಸತೊಡಗಿದ. ಅಣ್ಣ ಒಲೆಯ ಉರಿ ಸಣ್ಣ ಮಾಡಿದ.

ಅಂದು ಮನೆಗೆ ಹೋಗುವ ಟ್ರಾಮಿನಲ್ಲಿ ಹೇಳಿಬಿಡಬೇಕೆಂದು ಹೊರಟೆ. ಯುಟ್ರೆಕ್ಟಿನಿಂದ ನ್ಯೂವೆಗೈನಿಗೆ ಅಷ್ಟು ಹೊತ್ತು ಬೇಕಾಗುವುದಿಲ್ಲ. ನಮ್ಮ ನಿಲ್ದಾಣ ಬರುವಾಗ ಬಾಯಿ ತೆರೆದೆ. "ಅಣ್ಣ, ಆ ದೋಣಿಯ ದಿನ," ಎಂದೆ. ಅವನು ಕಿಟಕಿಯಿಂದ ಮುಖ ತೆಗೆಯಲಿಲ್ಲ. "ಇಳಿಯುವಾಗ ಕಾರ್ಡ್ ಮುಟ್ಟಿಸ್ಲಿಕ್ಕೆ ಮರಿಬೇಡ," ಎಂದ. ನಾನು ಟಿಕೆಟಿನ ಕಾರ್ಡ್ ತೆಗೆದೆ, ಯಂತ್ರಕ್ಕೆ ಮುಟ್ಟಿಸಿದೆ, ಇಳಿದೆ. ನನ್ನನ್ನು ಕಾಪಾಡಲು ಹಾಗೆ ಹೇಳಿದನೋ, ಕೇಳುವ ತ್ರಾಣ ಅವನಿಗೇ ಇರಲಿಲ್ಲವೋ ತಿಳಿಯದು. ಅವನು ಬಾಗಿಲು ಮುಚ್ಚಿದ ಎಂದು ನಾನು ಒಳಗೊಳಗೆ ಸಮಾಧಾನಪಟ್ಟುಕೊಂಡೆ ಎನ್ನುವುದು ಮಾತ್ರ ನಿಜ.

ಕಳೆದ ವರ್ಷ ಅವನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಹೋಯಿತು. ಮಾತು ಹೋಯಿತು, ಹೌದು, ಬೇಡ, ನೀರು ಎಂಬಷ್ಟು ಉಳಿಯಿತು. ಮನೆಯ ಮೆಟ್ಟಿಲು ಹತ್ತಿಸಲಾಗದೆ ನ್ಯೂವೆಗೈನಿನ ಒಂದು ಆರೈಕೆ ಮನೆಯಲ್ಲಿ ಬಿಟ್ಟೆವು. ಗಾಲಿಕುರ್ಚಿಯಲ್ಲಿ ಅವನನ್ನು ಹೊರಗೆ ಕರೆದುಕೊಂಡು ಹೋಗುವಾಗ ಬಾಗಿಲು ಬಂದರೆ ಎಡಗೈಯಿಂದ ಎಡ ದಾರಂದ ತಟ್ಟುತ್ತಿದ್ದ. ಬಲಗಡೆಯದು ಉಳಿಯುತ್ತಿತ್ತು. ಅವನು ಅದನ್ನು ನೋಡುತ್ತಾ ಮುಂದೆ ಹೋಗಲು ಬಿಡುತ್ತಿರಲಿಲ್ಲ. ಆಮೇಲೆ ಬಲಗಡೆಯದನ್ನು ನಾನು ತಟ್ಟತೊಡಗಿದೆ.

ಬಡಗು, ತೆಂಕು ಭಾನುವಾರ ತಪ್ಪಿಸಲಿಲ್ಲ. ಪುಳಿಮುಂಚಿ ಈಗ ನಾನು ಮಾಡಿ ಡಬ್ಬಿಯಲ್ಲಿ ಒಯ್ಯುತ್ತಿದ್ದೆ, ಅಣ್ಣನದ್ದರ ಹಾಗೆ ಆಗುವುದಿಲ್ಲ ಎಂದು ಇಬ್ಬರೂ ಮುಲಾಜಿಲ್ಲದೆ ಹೇಳುತ್ತಿದ್ದರು. ಅವನ ಮುಂದೆ ಕೂತು ಅದೇ ಜಗಳ ಆಡುತ್ತಿದ್ದರು, ಯುರೋಪಿನ ಜಾಗಗಳು, ಚಳಿಗಾಲ ಬೇಸಿಗೆ, ಎರಡು ಸಂಸ್ಥೆ. ಅವನ ಕಣ್ಣು ಒಬ್ಬರಿಂದ ಒಬ್ಬರಿಗೆ ಚೆಂಡಿನ ಹಿಂದೆ ಹೋದ ಹಾಗೆ ಹೋಗುತ್ತಿತ್ತು. ಅವನಿಗಾಗಿಯೇ ಆಡುತ್ತಿದ್ದರು, ಪಾಪ. ಪ್ರಶ್ನೆ ಕೇಳಬೇಕಾದವನಿಗೆ ಮಾತಿರಲಿಲ್ಲ.

ಅವನ ಕೊನೆಯ ಭಾನುವಾರಗಳಲ್ಲಿ ಒಂದು ದಿನ ಆ ಪ್ರಶ್ನೆಯನ್ನು ತೆಂಕುವೇ ಕೇಳಿದ. ಏನು ಗೋಲಿ, ಎಲ್ಲ ಒಪ್ಪಿಕೊಂಡೆವು ಎಂದಿಟ್ಟುಕೋ, ದೋಣಿಯಲ್ಲಿ ಯಾರು ಕೂರುವುದು ಎಂದ.

ಅಣ್ಣನ ಎಡಗೈ ನಿಧಾನವಾಗಿ ಎದ್ದಿತು. ನನ್ನ ಕಡೆ ಚಾಚಿ ನಿಂತಿತು.

ತಮ್ಮನೋ, ಹಾಗಾದರೆ ಮುಗಿಯಿತು, ನಾಳೆಯೇ ಲೀಗ್ ಶುರು ಮಾಡುವ ಎಂದು ಬಡಗು ನಕ್ಕ. ನಾನು ನೀರಿನ ಲೋಟ ತೆಗೆದುಕೊಂಡು ಹೋದೆ. "ಬೇಡ," ಎಂದ ಅಣ್ಣ. ಹೊದಿಕೆ ಸರಿಮಾಡಿದೆ. "ಬೇಡ." ಕೈ ಇಳಿಯಲಿಲ್ಲ. ಅವನ ಮನಸ್ಸಿನಲ್ಲಿ ಏನಿತ್ತೋ ನನಗೆ ಇಂದಿಗೂ ಗೊತ್ತಿಲ್ಲ, ಕಿಟಕಿ ತೆರೆ ಎಂದಷ್ಟೇ ಇರಬಹುದು. ಆದರೆ ಮುಖ ನನ್ನ ಕಡೆಗಿತ್ತು, ಅಂದು ದೋಣಿಯಲ್ಲಿ ಇದ್ದ ಹಾಗೆ. ನಡುವೆ ನೀರಿರಲಿಲ್ಲ, ಮುಂದೆ ನಿಂತು ಮರೆಮಾಡಲು ಗುಂಪೂ ಇರಲಿಲ್ಲ.

ಲೋಟ ಕೆಳಗಿಟ್ಟೆ. ಸಭೆಯಲ್ಲಿ ನಿಲ್ಲಬೇಕಾಗಿದ್ದ ಹಾಗೆ ಅವನ ಎದುರು ನೆಟ್ಟಗೆ ನಿಂತೆ. ಆ ಇಬ್ಬರಿಗೆ ನಮ್ಮ ಭಾಷೆ ಬಾರದು, ಆದರೂ ಮಾತು ನಿಲ್ಲಿಸಿ ಕುರ್ಚಿಯಲ್ಲಿ ಸರಿಯಾಗಿ ಕೂತರು. ಕಣ್ಣಿಗೆ ಪೆಟ್ಟು ತಿಂದ ಆಚೆ ದಡದವನ ಮನೆಗೆ ತಪ್ಪು ಒಪ್ಪಲು ನಾನು ಇನ್ನೂ ಹೋಗಬೇಕಾಗಿದೆ, ಈ ಪತ್ತನಾಜೆಯ ಮೊದಲು ಹೋಗುತ್ತೇನೆ. ಆ ದಿನ ಅಣ್ಣನಿಗೆ ಹೇಳಿದ್ದು ಇಷ್ಟು:

"ಅಣ್ಣ, ದೋಣಿಗೆ ಎಸೆದದ್ದು ನಾನು. ನಿಂಗೆ ಅವತ್ತೇ ಗೊತ್ತಿತ್ತು, ಅದು ನಂಗೂ ಗೊತ್ತಿತ್ತು. ಸಭೆಯಲ್ಲಿ ಎದ್ದು ನಿಲ್ಬೇಕಿತ್ತು, ನಿಲ್ಲಲಿಲ್ಲ. ಮೇಲಿಂದ ನಿಂಗೇ ಬುದ್ಧಿ ಹೇಳಿದೆ. ನಿನ್ನ ಆಟ ತೆಗೆದದ್ದು ನಾನು. ತಪ್ಪಾಯ್ತು ಅಣ್ಣ."